ಹತ್ತು ಟಿಕ್‌ಗಳ ಅಂತರ

ಪ್ರಯೋಗಶಾಲೆಯ ಬಾಗಿಲ ಹೊರಗೆ ನಾನು ಅಣ್ಣನಿಗೆ 'ಪುಟ್ಟಿ'. ಒಳಗೆ ಕಾಲಿಟ್ಟು ಬಿಳಿ ಕೋಟು ತೊಟ್ಟುಕೊಂಡನೆಂದರೆ ಅದೇ ಬಾಯಲ್ಲಿ 'ಮೇಡಂ'. ನಲವತ್ತೈದು ದಾಟಿದವಳನ್ನು ಪುಟ್ಟಿ ಎಂದು ಕೂಗಿದರೆ ಕಾರಿಡಾರಿನಲ್ಲಿ ಜನ ತಿರುಗಿ ನೋಡುತ್ತಾರೆ. ಬೆನ್ನ ಮೇಲೆ ಹೊತ್ತು ಆಡಿಸಿದ ತಂಗಿಯನ್ನು ಮೇಡಂ ಎಂದರೆ ಒಳಗಿನವರು ನಗುತ್ತಾರೆ. ಅವನು ಎರಡನ್ನೂ ಕಿವಿಗೆ ಹಾಕಿಕೊಂಡವನಲ್ಲ. ಇಲ್ಲಿ ನಾನು ವಿಜ್ಞಾನಿ, ಅವನು ತಂತ್ರಜ್ಞ. ನನ್ನ ಪ್ರಯೋಗಗಳೆಲ್ಲ ಅವನ ಬೆರಳ ತುದಿಯಿಂದಲೇ ಶುರುವಾಗಬೇಕು.

ಅವನ ಕೆಲಸ ಹೀಗೆ. ಇಲಿಯ ಬಾಲದ ಅಡಿಯಲ್ಲಿ ಉದ್ದಕ್ಕೂ ಒಂದು ಅಪಧಮನಿ ಹರಿಯುತ್ತದೆ, ಹೊಲಿಗೆ ದಾರದಷ್ಟು ದಪ್ಪ. ಅದನ್ನು ಎಲ್ಲೂ ಜಗ್ಗದಂತೆ, ಚಿವುಟದಂತೆ ಬಿಡಿಸಿ ತೆಗೆಯಬೇಕು. ಬೆಚ್ಚಗಿನ ಉಪ್ಪುನೀರು ಸದಾ ಹರಿಯುವ ಗಾಜಿನ ಕೊಳವೆಯೊಳಗೆ ಎರಡು ಪ್ಲಾಟಿನಂ ತಂತಿಗಳ ನಡುವೆ ಕಟ್ಟಬೇಕು. ಸ್ವಲ್ಪ ಬಿಗಿಯಾದರೆ ನರತುದಿಗಳು ಹರಿದುಹೋಗುತ್ತವೆ, ಸ್ವಲ್ಪ ಸಡಿಲವಾದರೆ ನೀರಿನಲ್ಲಿ ತೇಲಾಡಿ ಆ ದಿನದ ಕೆಲಸ ಹಾಳು. ಹಿಂದಿನ ತಂತ್ರಜ್ಞರು ಬಿಟ್ಟುಹೋದ ಮೇಲೆ ಮೂವರು ಬಂದು ಕೈಸೋತು ಹೋಗಿದ್ದರು.

ಆಗ ಅಣ್ಣನಿಗೆ ಕೆಲಸವಿರಲಿಲ್ಲ. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವನ ವಾಚ್ ರಿಪೇರಿ ಅಂಗಡಿ, ಅಂದರೆ ಒಂದು ಮೇಜು, ಅದರ ಮೇಲೊಂದು ಗಾಜಿನ ಪೆಟ್ಟಿಗೆ. ನನ್ನ ಇಡೀ ಕಾಲೇಜು ಆ ಮೇಜಿನಿಂದಲೇ ಬಂದದ್ದು. ಜನ ಮೊಬೈಲಿನಲ್ಲಿ ಹೊತ್ತು ನೋಡಲು ಶುರುಮಾಡಿದ ಮೇಲೆ ಮೇಜು ಖಾಲಿಯಾಯಿತು. ಒಂದು ದಿನ ಹಟಮಾಡಿ ಅವನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಜೇಬಿನಿಂದ ತನ್ನ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಅಪಧಮನಿಯನ್ನು ಅತ್ತಿತ್ತ ನೋಡಿದ.

"ಇದಕ್ಕಾ ಮೂರು ಜನ ಓಡಿಹೋಗಿದ್ದು? ಹೆಂಗಸರ ವಾಚಿನ ಸ್ಪ್ರಿಂಗ್ ಇದಕ್ಕಿಂತ ಸಣ್ಣ ಇರುತ್ತೆ ಕಣೇ. ಇದು ಹಗ್ಗ."

ಮೊದಲ ದಿನವೇ ನಾಲ್ಕು ಕಟ್ಟಿದ, ನಾಲ್ಕೂ ಬದುಕಿದವು. ಮಾರನೆಯ ವಾರದಿಂದ ಕೆಲಸದವರ ಬಾಯಲ್ಲಿ ಅವನು 'ವಾಚ್ ಸಾಹೇಬ್ರು'. ಅದಾಗಿ ಹತ್ತು ವರ್ಷ.

ನಾವು ಹುಡುಕುತ್ತಿದ್ದ ವಿಷಯವನ್ನೂ ಹೇಳಬೇಕು. ರಕ್ತನಾಳದ ಗೋಡೆಗೆ ಬಂದು ಮುಟ್ಟುವ ನರಗಳು ತಮ್ಮ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ತಗುಲಿದರೆ ನಾಳ ಬಿಗಿಯುತ್ತದೆ, ರಕ್ತದ ಒತ್ತಡ ಏರುತ್ತದೆ. ಹಾಗಾದರೆ ನರ ಮನಸ್ಸಿಗೆ ಬಂದಷ್ಟು ಸುರಿಯದಂತೆ ತಡೆಯುವವರು ಯಾರು? ನರತುದಿಯೇ. ಅದರ ಮೈಮೇಲೆ ಗ್ರಾಹಕಗಳಿವೆ, ಅಂದರೆ ತಾನು ಬಿಟ್ಟ ರಾಸಾಯನಿಕವನ್ನು ತಾನೇ ಹಿಡಿಯುವ ಅಣುಗಳು. ಬಿಟ್ಟದ್ದು ಸಾಕಷ್ಟಾಯಿತು ಎಂದು ಗ್ರಾಹಕಕ್ಕೆ ಗೊತ್ತಾದರೆ ಮುಂದಿನ ಬಾರಿ ನರ ಕಡಿಮೆ ಬಿಡುತ್ತದೆ.

ಇದನ್ನು ಹೊಸಬರಿಗೆ ಅರ್ಧ ಗಂಟೆ ಚಿತ್ರ ಬರೆದು ವಿವರಿಸುತ್ತಿದ್ದೆ. ಅಣ್ಣ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. "ನಿಮ್ಮತ್ತಿಗೆ ಕಿವಿಗೆ ಹತ್ತಿ ಇಟ್ಕೊಂಡಾಗ ಹೇಗೆ ಮಾತಾಡ್ತಾಳೆ ಹೇಳು? ಮೂರು ಮನೆಗೆ ಕೇಳಿಸುತ್ತೆ. ಯಾಕೆ, ಅವಳ ದನಿ ಅವಳಿಗೇ ಕೇಳಿಸಲ್ಲ. ನಿನ್ನ ನರಾನೂ ಅಷ್ಟೇ."

ಗ್ರಾಹಕವನ್ನು ಮುಚ್ಚುವ ಔಷಧಿಗೆ ಅಂದಿನಿಂದ ನಮ್ಮಲ್ಲಿ ಬಳಕೆಯ ಹೆಸರು 'ಹತ್ತಿ'. ನಿಜವಾದ ಹೆಸರು ಸೀಸೆಯ ಮೇಲಷ್ಟೇ ಉಳಿದಿದೆ.

ವಿದ್ಯುತ್ತಿನ ಪುಟ್ಟ ಏಟು ಕೊಟ್ಟು ನರವನ್ನು ಕೆಣಕುತ್ತೇವೆ. ಏಟು ಕೊಡುವ ಯಂತ್ರದಲ್ಲಿ ಎರಡು ಗುಂಡಿ, ಒತ್ತುವವನು ಅಣ್ಣ. ಒಂದನ್ನು ಒತ್ತಿದರೆ ಒಂಟಿ ಏಟು, ಇನ್ನೊಂದನ್ನು ಒತ್ತಿದರೆ ಸಾಲಾಗಿ ನೂರು. ನಾರ್‌ಅಡ್ರಿನಲಿನ್‌ಗೆ ಮೊದಲೇ ವಿಕಿರಣದ ಗುರುತು ಹಚ್ಚಿರುತ್ತೇವೆ. ನಾಳದ ಮೇಲೆ ಹರಿದುಬಂದ ನೀರನ್ನು ಮೂರು ಮೂರು ನಿಮಿಷಕ್ಕೊಂದು ಸೀಸೆಯಲ್ಲಿ ಹಿಡಿದು, ಅದರಲ್ಲೆಷ್ಟು ಗುರುತಿದೆ ಎಂದು ಎಣಿಸುತ್ತೇವೆ. ಸಾಲು ಏಟುಗಳಲ್ಲಿ ಹತ್ತಿ ಇಟ್ಟರೆ ಬಿಡುಗಡೆ ದುಪ್ಪಟ್ಟಾಗುತ್ತಿತ್ತು. ಹತ್ತು ವರ್ಷ ಇದನ್ನೇ ತೋರಿಸಿದ್ದೆವು.

ಕೊನೆಯ ಪರೀಕ್ಷೆಯೊಂದು ಉಳಿದಿತ್ತು. ಒಂದೇ ಒಂದು ಏಟು ಕೊಟ್ಟರೆ ಹತ್ತಿ ಇಟ್ಟರೂ ಬಿಟ್ಟರೂ ವ್ಯತ್ಯಾಸ ಇರಬಾರದು. ಮೊದಲ ಮಾತಿಗೆ ಮುಂಚೆ ಕೇಳಿಸಿಕೊಳ್ಳುವುದಕ್ಕೆ ಏನಿದೆ? ಅಲ್ಲಿ ವ್ಯತ್ಯಾಸ ಬಂದರೆ ನಮ್ಮ ವಾದವೇ ಸುಳ್ಳು, ಔಷಧಿ ಬೇರೆ ಯಾವುದೋ ದಾರಿಯಲ್ಲಿ ಕೆಲಸ ಮಾಡುತ್ತಿದೆ ಎಂದರ್ಥ.

ವ್ಯತ್ಯಾಸ ಬಂತು. ಇಪ್ಪತ್ತಾರು ಅಪಧಮನಿಗಳಲ್ಲಿ ಇಪ್ಪತ್ತಾರರಲ್ಲೂ ಬಂತು. ಹತ್ತಿ ಇಟ್ಟಾಗ ಬಿಡುಗಡೆ ಮೂರನೇ ಒಂದು ಭಾಗ ಹೆಚ್ಚು.

ವಿಭಾಗದ ಮುಖ್ಯಸ್ಥರು ನನ್ನ ಹಾಳೆಗಳನ್ನು ಎರಡು ಸಲ ತಿರುವಿ ಹಾಕಿದರು. ಈ ವಾದವನ್ನು ಮೊದಲು ಹೂಡಿದವರು ಅವರೇ. ನಿವೃತ್ತಿಗೆ ಒಂದು ವರ್ಷ ಬಾಕಿ.

"ನೋಡಮ್ಮಾ, ಎರಡರಲ್ಲಿ ಒಂದು. ಯೋಚನೆ ತಪ್ಪು, ಇಲ್ಲಾ ಕೈ ತಪ್ಪು. ಯೋಚನೆ ತಪ್ಪು ಅಂತ ನನಗನ್ನಿಸಲ್ಲ."

"ಕೈ ತಪ್ಪಿದ್ದರೆ ಅಂಕಿ ಚೆಲ್ಲಾಪಿಲ್ಲಿ ಇರಬೇಕಿತ್ತು ಸರ್," ಎಂದೆ. "ಇಲ್ಲಿ ನೋಡಿ, ಶೇಕಡಾ ಮೂವತ್ತೆರಡು, ಮೂವತ್ತನಾಲ್ಕು, ಮೂವತ್ಮೂರು. ಇಷ್ಟು ಒಂದೇ ಸಮ ಯಾರಾದರೂ ತಪ್ಪು ಮಾಡೋಕೆ ಸಾಧ್ಯನಾ?"

"ಅದನ್ನ ನೀವು ತಂಗಿಯಾಗಿ ಹೇಳ್ತಿದೀರೋ, ವಿಜ್ಞಾನಿಯಾಗೋ?"

ಅವರು ಹಾಳೆಗಳನ್ನು ಜೋಡಿಸಿ ನನ್ನತ್ತ ತಳ್ಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಒಂದನೇ ತಾರೀಕಿನಿಂದ ಆ ಮೇಜಿಗೆ ಬೇರೆಯವರನ್ನ ಕರೆಸ್ತೀನಿ. ಕಲಿತುಬಂದವರು. ನಿಮ್ಮಣ್ಣ ಗಾಜು ತೊಳೆಯೋ ಕೋಣೆ ನೋಡ್ಕೊಳ್ಲಿ. ವಾಚಿನ ಕೆಲಸಾನೇ ಬೇರೆ, ಇದೇ ಬೇರೆ. ಇನ್ನೂ ಹನ್ನೊಂದು ದಿನ ಇದೆ. ಅಷ್ಟರಲ್ಲಿ ಕಾರಣ ಸಿಕ್ಕರೆ ತನ್ನಿ."

ಅಣ್ಣನಿಗೆ ನಾನೇ ಹೇಳಬೇಕಾಯಿತು. ಅವನು ಚಿಮಟಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯ ಮೇಲೆ ಅಳತೆಯ ಪ್ರಕಾರ ಜೋಡಿಸುತ್ತಿದ್ದ. ಅವು ಅಂಗಡಿಯಿಂದ ತಂದ ಅವನವೇ ಚಿಮಟಿಗಳು.

"ಗಾಜೂ ಯಾರಾದರೂ ತೊಳೀಬೇಕಲ್ಲ ಮೇಡಂ," ಎಂದ. ಆಮೇಲೆ ಸೂಕ್ಷ್ಮದರ್ಶಕದ ದೀಪ ಹಚ್ಚಿ ಬಲಗೈಯನ್ನು ಅದರ ಕೆಳಗೆ ಚಾಚಿದ. ಬೆರಳುಗಳ ನೆರಳು ಮೇಜಿನ ಮೇಲೆ ಬಿತ್ತು. ಇಬ್ಬರೂ ಆ ನೆರಳನ್ನೇ ನೋಡಿದೆವು. ಅದು ಅಲುಗಲಿಲ್ಲ. ದೀಪ ಆರಿಸಿ, ಊಟದ ಡಬ್ಬಿ ಎತ್ತಿಕೊಂಡು ಹೊರಟ. ಅಂದು ಬಾಗಿಲ ಹೊರಗೂ ಅವನು ನನ್ನನ್ನು ಪುಟ್ಟಿ ಎನ್ನಲಿಲ್ಲ.

ಆ ವಾರ ನಾನು ಎಲ್ಲವನ್ನೂ ಪರೀಕ್ಷಿಸಿದೆ. ಉಪ್ಪುನೀರನ್ನು ಹೊಸದಾಗಿ ಮಾಡಿದೆ, ಕೊಳವೆಗಳನ್ನು ಬದಲಿಸಿದೆ, ಎಣಿಕೆಯ ಯಂತ್ರವನ್ನು ಗೊತ್ತಿರುವ ಮಾದರಿ ಇಟ್ಟು ನೋಡಿದೆ. ಎಲ್ಲವೂ ಸರಿಯಾಗಿದ್ದವು. ಒಂದನ್ನು ಮಾತ್ರ ಮಾಡಲಿಲ್ಲ. ಅಣ್ಣ ಕೆಲಸ ಮಾಡುವಾಗ ಅವನ ಬೆನ್ನ ಹಿಂದೆ ಹೋಗಿ ನಿಲ್ಲಲಿಲ್ಲ. ಅವನ ಮೇಜು ಒಂದು ಕೋಣೆಯಲ್ಲಿ, ನನ್ನ ಎಣಿಕೆಯ ಯಂತ್ರ ಪಕ್ಕದ್ದರಲ್ಲಿ, ನಡುವೆ ಗೋಡೆ. ಅವನ ಕಡೆ ಪಂಪಿನ ಸದ್ದು, ನನ್ನ ಕಡೆ ಯಂತ್ರದ ಸದ್ದು. ಹತ್ತು ವರ್ಷದಲ್ಲಿ ಆ ಗೋಡೆ ದಾಟಿ ಹೋಗಿ ನಿಂತು ನೋಡುವ ಅಗತ್ಯ ಬಿದ್ದಿರಲಿಲ್ಲ. ಈಗ ಹೋದರೆ ಅನುಮಾನ ಪಟ್ಟಂತೆ ಆಗುತ್ತದಲ್ಲ ಎಂದು ಕಾಲು ಬರಲಿಲ್ಲ. ಮುಖ್ಯಸ್ಥರ ಪ್ರಶ್ನೆಗೆ ನಿಜವಾದ ಉತ್ತರ ಇದೇ ಆಗಿತ್ತು: ನಾನು ತಂಗಿಯಾಗಿದ್ದೆ.

ಭಾನುವಾರ ಮಧ್ಯಾಹ್ನದ ಊಟ ಅಣ್ಣನ ಮನೆಯಲ್ಲಿ. ಅವರು ಕೆಳಗಿನ ಮನೆಯಲ್ಲಿರುತ್ತಾರೆ, ನಾನು ಮೇಲೆ. ಅಣ್ಣ ಬಲ್ಬು ತರಲು ಅಂಗಡಿಗೆ ಹೋಗಿದ್ದ. ಅತ್ತಿಗೆ ತರಕಾರಿ ಹೆಚ್ಚುತ್ತ ಕೂತಿದ್ದರು.

"ಏನು ಮಾಡಿದೀರಿ ನಿಮ್ಮಣ್ಣನಿಗೆ ನೀವೆಲ್ಲ ಸೇರಿ?" ಎಂದರು. "ಒಂದು ವಾರದಿಂದ ಬೈದರೂ ತಿರುಗಿ ಬೈತಿಲ್ಲ. ನನಗೆ ಬೇಜಾರಾಗಿಬಿಟ್ಟಿದೆ."

ಕರೆಗಂಟೆ ಒಮ್ಮೆ ಕಿರ್ರೆಂದಿತು. ನಾನು ಎದ್ದೆ.

"ಕೂತ್ಕೋ," ಎಂದರು ಅತ್ತಿಗೆ, ತಲೆಯೆತ್ತದೆ. "ಇನ್ನೊಂದು ಬರಲಿ."

ಸ್ವಲ್ಪ ಬಿಟ್ಟು ಇನ್ನೊಮ್ಮೆ ಕಿರ್ರೆಂದಿತು. ಆಗ ಕತ್ತಿ ಕೆಳಗಿಟ್ಟು ಎದ್ದರು. "ಮೊದಲನೇದು ಬೆಲ್ಲಿಗೆ, ಎರಡನೇದು ನನಗೆ. ಕರೆಂಟ್ ಇದೆಯಾ ಅಂತ ಮೊದಲು ಒಂದು ಸಲ ಒತ್ತಿ ನೋಡ್ತಾರೆ, ಆಮೇಲೆ ನನ್ನ ಕರೀತಾರೆ. ಮದುವೆ ಆದಾಗಿಂದ ಹೀಗೇ. ಒಂದೇ ಸಲ ಬಾರಿಸಿದರೆ ಬೇರೆ ಯಾರೋ ಬಂದಿದ್ದಾರೆ ಅಂತ ಲೆಕ್ಕ."

ನಾನು ನಿಂತೇ ಇದ್ದೆ. ಬಲ್ಬಿನ ಡಬ್ಬಿ ಹಿಡಿದುಕೊಂಡು ಅಣ್ಣ ಒಳಗೆ ಬಂದ.

"ಅಣ್ಣಾ, ಯಂತ್ರದ ಗುಂಡೀನೂ ಹೀಗೇ ಒತ್ತುತ್ತೀಯಾ?"

"ಯಾವ ಗುಂಡಿ?"

"ಏಟು ಕೊಡೋದು. ಒಂದೇ ಸಲ ಒತ್ತುತ್ತೀಯಾ, ಎರಡು ಸಲನಾ?"

"ಕೊಡೋದು ಒಂದೇ," ಎಂದ. ಚಪ್ಪಲಿ ಬಿಡುತ್ತಿದ್ದವನು ಹಾಗೇ ಯೋಚಿಸಿದ. "ಅದಕ್ಕೆ ಮುಂಚೆ ಒಂದು ನೋಡೋಕೆ. ನಾಳ ಬದುಕಿದೆಯಾ ಅಂತ ಗೊತ್ತಾಗಬೇಡವಾ? ಒಂಟಿ ಏಟಿನ ಗುಂಡಿ ಒಂದು ಸಲ ಒತ್ತಿ ಮಸೂರದಲ್ಲಿ ನೋಡ್ತೀನಿ, ಅದು ಒಂದು ಚೂರು ನಡುಗುತ್ತೆ. ನಡುಗಿದರೆ ಸರಿ, ಆಮೇಲೆ ನಿಂದು ಕೊಡ್ತೀನಿ."

"ಎಂದಿನಿಂದ?"

"ಮೊದಲನೇ ದಿನದಿಂದ."

"ಪ್ರಯೋಗದ ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?"

"ವಾಚನ್ನ ಕಿವಿ ಹತ್ರ ಹಿಡಿದು ನೋಡಿದೆ ಅಂತ ಯಾರಾದರೂ ಚೀಟೀಲಿ ಬರೀತಾರಾ?"

ನಾನು ಕುರ್ಚಿ ಎಳೆದು ಕೂತೆ. ನೂರು ಏಟಿನ ಸಾಲಿಗೆ ಮುಂಚೆ ಒಂದು ಹೆಚ್ಚಾದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಹತ್ತು ವರ್ಷ ಸಿಕ್ಕಿರಲಿಲ್ಲ. ಆದರೆ ಒಂಟಿ ಏಟಿಗೆ ಮುಂಚೆ ಇನ್ನೊಂದು ಸೇರಿದರೆ ಅದು ಒಂಟಿಯಲ್ಲ. ಎರಡರ ಬಿಡುಗಡೆಯೂ ಒಂದೇ ಮೂರು ನಿಮಿಷದ ಸೀಸೆಯೊಳಗೆ ಬೀಳುತ್ತಿತ್ತು. ಪುಸ್ತಕದಲ್ಲಿ ಆ ಪ್ರಯೋಗದ ಕೆಳಗೆ ನಾನೇ ಬರೆದಿದ್ದೆ: 'ಎಂದಿನಂತೆ ಮಾಡುವುದು, ಸಾಲಿನ ಬದಲು ಒಂದು ಏಟು.' ಅವನು ಎಂದಿನಂತೆಯೇ ಮಾಡಿದ್ದ.

"ಎರಡರ ನಡುವೆ ಎಷ್ಟು ಹೊತ್ತು ಬಿಡ್ತೀಯ?"

"ಹತ್ತು ಟಿಕ್."

"ಅಂದರೆ?"

"ಹಳೇ ವಾಚು ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತೆ. ಹತ್ತು ಅಂದರೆ ಎರಡು ಸೆಕೆಂಡು. ನಡುಗೋದು ಕಾಣೋಕೆ ಅಷ್ಟು ಸಾಕು."

"ಎಲ್ಲಾ ಸಲಾನೂ ಹತ್ತೇನಾ?"

ಅವನು ನನ್ನನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ. ಒಂದು ವಾರದಲ್ಲಿ ಮೊದಲ ಸಲ ಅವನ ಮುಖದಲ್ಲಿ ಸಿಟ್ಟು ಬಂದಿತ್ತು. "ಹನ್ನೊಂದು ಯಾಕೆ ಎಣಿಸಲಿ?"

ಬಲ್ಬಿನ ಡಬ್ಬಿ ಹರಿದು ಅದರ ಒಳಮೈ ಮೇಲೆ ಲೆಕ್ಕ ಹಾಕಿದೆ. ಮೊದಲ ಏಟಿಗೆ ನರ ಒಂದು ಪಾಲು ಬಿಡುತ್ತದೆ ಎನ್ನೋಣ. ಎರಡು ಸೆಕೆಂಡು ಕಳೆದು ಎರಡನೆಯ ಏಟು ಬಿದ್ದಾಗ ಗ್ರಾಹಕದಲ್ಲಿ ಮೊದಲನೆಯದರ ನೆನಪು ಇನ್ನೂ ಇದ್ದರೆ ನರ ಅರ್ಧ ಪಾಲಷ್ಟೇ ಬಿಡುತ್ತದೆ. ಒಟ್ಟು ಒಂದೂವರೆ. ಹತ್ತಿ ಇಟ್ಟರೆ ನೆನಪಿಲ್ಲ, ಎರಡನೆಯ ಸಲವೂ ಪೂರ್ತಿ ಪಾಲು. ಒಟ್ಟು ಎರಡು. ಒಂದೂವರೆಯಿಂದ ಎರಡಕ್ಕೆ ಹೋದರೆ ಹೆಚ್ಚಿದ್ದು ಮೂರನೇ ಒಂದು ಭಾಗ. ಇಪ್ಪತ್ತಾರು ಸಲವೂ ಬಂದದ್ದು ಅದೇ.

"ಅತ್ತಿಗೆ, ನೀವು ಈ ವಿಭಾಗಕ್ಕೆ ಮೊದಲೇ ಬರಬೇಕಿತ್ತು," ಎಂದೆ.

"ಬಂದು ಏನು ಮಾಡಲಿ? ನಿಮ್ಮಣ್ಣನಿಗೆ ಬಾಗಿಲು ತೆಗೀಲಾ?"

ಸೋಮವಾರದಿಂದ ಎರಡು ದಿನ ಅಣ್ಣ ನಿಜವಾದ ಒಂಟಿ ಏಟು ಕೊಟ್ಟ. ಬದುಕಿದೆಯೋ ಇಲ್ಲವೋ ನೋಡದೆ ಕೊಡುವುದು ಅವನಿಗೆ ಎಷ್ಟು ಕಷ್ಟವಾಯಿತೆಂದರೆ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡೇ ಗುಂಡಿ ಒತ್ತಿದ. ನಾನು ಈ ಸಲ ಅವನ ಪಕ್ಕದಲ್ಲೇ ನಿಂತಿದ್ದೆ. ಹತ್ತಿ ಇಟ್ಟರೂ ಬಿಟ್ಟರೂ ಅಂಕಿಗಳು ಒಂದೇ. ವಾದ ಉಳಿಯಿತು.

ಬುಧವಾರದ ವಿಭಾಗದ ಸಭೆಯಲ್ಲಿ ನಾನು ಹೇಳಲು ಎದ್ದೆ. ಮೊದಲ ವಾಕ್ಯ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಅಣ್ಣನ ದನಿ ಬಂತು.

"ಸರ್, ನಾನು ಹೇಳ್ತೀನಿ. ಎರಡು ಸಲ ಒತ್ತಿದ್ದು ನಾನು. ಬರೆದಿಡದೇ ಇದ್ದಿದ್ದೂ ನಾನೇ. ಮೇಡಮ್ಮಿಗೆ ಗೊತ್ತಿರಲಿಲ್ಲ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿ ಕುರ್ಚಿಗೆ ಒರಗಿದರು. "ಅಂದರೆ ಕೈ ತಪ್ಪು."

"ಕೈ ತಪ್ಪಲಿಲ್ಲ ಸರ್," ಎಂದೆ ನಾನು. "ಎಂದಿನಂತೆ ಅಂತ ಬರೆದವಳು ನಾನು. ಎಂದಿನಂತೆ ಅಂದರೆ ಏನು ಅಂತ ಹತ್ತು ವರ್ಷದಲ್ಲಿ ಒಮ್ಮೆಯೂ ಹೋಗಿ ನೋಡಲಿಲ್ಲ. ಅದು ನನ್ನ ತಪ್ಪು. ಇನ್ನು ಕೈ ವಿಚಾರ. ಇಪ್ಪತ್ತಾರು ಸಲವೂ ಅಂಕಿ ಒಂದೇ ಬರಬೇಕಾದರೆ ಇಪ್ಪತ್ತಾರು ಸಲವೂ ಅಂತರ ಎರಡೇ ಸೆಕೆಂಡು ಇರಬೇಕು. ಒಮ್ಮೆ ಒಂದು, ಒಮ್ಮೆ ನಾಲ್ಕು ಆಗಿದ್ದರೆ ಈ ಅಂಕಿಗಳಿಂದ ನಮಗೆ ಏನೂ ತಿಳೀತಿರಲಿಲ್ಲ. ಈಗ ನರತುದಿ ತನ್ನ ಮಾತನ್ನ ಎರಡು ಸೆಕೆಂಡಾದ ಮೇಲೂ ಅರ್ಧದಷ್ಟು ನೆನಪಿಟ್ಟಿರುತ್ತೆ ಅಂತ ತಿಳಿದಿದೆ. ಅದನ್ನ ನಾವು ಕೇಳಿಯೂ ಇರಲಿಲ್ಲ."

ಮುಖ್ಯಸ್ಥರು ಕುರ್ಚಿ ಹಿಂದಕ್ಕೆ ತಳ್ಳಿದರು. ಮುಖ ನೋಡಿ ಮೆಚ್ಚುವವರಲ್ಲ ಅವರು, ಅಳೆಯುವವರು. ಅಲ್ಲಿಂದಲೇ ಎದ್ದು ನಮ್ಮ ಕೋಣೆಗೆ ಬಂದರು. ಯಂತ್ರಕ್ಕೆ ಸಮಯ ಅಳೆಯುವ ಸಾಧನ ಜೋಡಿಸಿ, ಅದರ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಒತ್ತಿ. ಹತ್ತು ಟಿಕ್. ನಲವತ್ತು ಸಲ."

ಅಣ್ಣ ಕೋಟಿನ ತೋಳು ಮಡಚಿದ. ಗಡಿಯಾರ ನೋಡಲಿಲ್ಲ, ತುಟಿ ಅಲುಗಿಸಲಿಲ್ಲ. ಪ್ರತಿ ಸಲ ಒಂದು, ಬಿಡುವು, ಇನ್ನೊಂದು. ಹದಿನೈದನೆಯ ಸಲಕ್ಕೆ ಯಾರೋ ಕೆಮ್ಮಿದರು, ಇಪ್ಪತ್ತರ ಹತ್ತಿರ ಪಕ್ಕದ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಅವನ ಬೆರಳು ಯಾವುದಕ್ಕೂ ತಡವರಿಸಲಿಲ್ಲ. ನಾನು ಮುಖ್ಯಸ್ಥರ ಮುಖ ನೋಡುತ್ತಿದ್ದೆ. ಮೂವತ್ತು ದಾಟಿದ ಮೇಲೆ ಅವರು ಬರೆದುಕೊಳ್ಳುವುದನ್ನೇ ಮರೆತರು, ಪಕ್ಕದಲ್ಲಿದ್ದವರು ಬರೆದರು.

ಎಲ್ಲಕ್ಕಿಂತ ಕಡಿಮೆ ಬಂದದ್ದು ಒಂದು ಪಾಯಿಂಟ್ ಒಂಬತ್ತು ಒಂದು ಸೆಕೆಂಡು. ಎಲ್ಲಕ್ಕಿಂತ ಹೆಚ್ಚು, ಎರಡು ಪಾಯಿಂಟ್ ಸೊನ್ನೆ ಎಂಟು.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ಅಂತರ ಬದಲಿಸೋಕೆ ಬರುತ್ತಾ? ಐದು ಟಿಕ್, ಇಪ್ಪತ್ತು, ಐವತ್ತು?"

"ವಾರಕ್ಕೊಂದು ಸಲ ಕೀಲಿ ಕೊಡೋ ಗಡಿಯಾರಾನೂ ರಿಪೇರಿ ಮಾಡಿದೀನಿ ಸರ್," ಎಂದ ಅಣ್ಣ. "ಎಷ್ಟು ಬೇಕೋ ಹೇಳಿ."

"ಬೇರೆಯವರಿಗೆ ಬರೆದಿದ್ದೆ, ಒಂದನೇ ತಾರೀಕಿಗೆ ಬನ್ನಿ ಅಂತ." ಬಾಗಿಲ ತನಕ ಹೋದವರು ತಿರುಗಿದರು. "ಬರಲಿ ಬಿಡಿ. ನಿಮ್ಮ ಹತ್ತಿರ ಕಲೀಲಿ."

ಮುಂದಿನ ನಾಲ್ಕು ತಿಂಗಳು ನಾವು ಅಳೆದದ್ದು ಅದನ್ನೇ: ನರತುದಿ ತನ್ನ ಮಾತನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಒಂದು ಸೆಕೆಂಡಿನ ಅಂತರದಲ್ಲಿ ಎರಡನೆಯ ಏಟಿಗೆ ಕಾಲು ಪಾಲು ಮಾತ್ರ ಬಂತು. ಎರಡಕ್ಕೆ ಅರ್ಧ. ಹತ್ತಕ್ಕೆ ಹೆಚ್ಚುಕಡಿಮೆ ಪೂರ್ತಿ. ಮೂವತ್ತಾಗುವಷ್ಟರಲ್ಲಿ ನರ ಎಲ್ಲವನ್ನೂ ಮರೆತು ಮೊದಲ ಸಲದಂತೆಯೇ ಬಿಡುತ್ತಿತ್ತು. ಹತ್ತಿ ಇಟ್ಟಾಗಲಂತೂ ಎಲ್ಲ ಅಂತರಕ್ಕೂ ಪೂರ್ತಿ ಪಾಲೇ. ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದ ದಿನ ಆ ಹಾಳೆಯನ್ನು ಹಿಡಿದು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ. ನನ್ನ ಹತ್ತು ವರ್ಷದ ಯಾವ ಚಿತ್ರವೂ ಇಷ್ಟು ನಯವಾಗಿ ಬಾಗಿರಲಿಲ್ಲ.

ಲೇಖನದ ಕರಡನ್ನು ಅಣ್ಣನ ಮೇಜಿನ ಮೇಲಿಟ್ಟೆ. ಮೇಲೆ ಮೂರು ಹೆಸರು, ಮೊದಲನೆಯದು ಅವನದು. ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಪುಟ ತಿರುವಿ ವಿಧಾನದ ಭಾಗಕ್ಕೆ ಬಂದವನು ಪೆನ್ಸಿಲ್ ತೆಗೆದುಕೊಂಡು ಒಂದು ಪದ ಹೊಡೆದುಹಾಕಿದ. 'ಸುಮಾರು ಎರಡು ಸೆಕೆಂಡುಗಳ ಅಂತರದಲ್ಲಿ' ಎಂದು ಬರೆದಿದ್ದೆ. ಅವನು ಹೊಡೆದದ್ದು 'ಸುಮಾರು'.

"ಸುಮಾರು ಅಂತೆಲ್ಲ ಇಲ್ಲ ಮೇಡಂ."

ಅವನು ಹೇಳಿದ್ದು ಸರಿ. ಆದರೆ ವಿಜ್ಞಾನದ ಲೇಖನದಲ್ಲಿ ಬರೀ ಎರಡು ಎಂದು ಬರೆದು ಬಿಡಲಾಗುವುದಿಲ್ಲ. ನಲವತ್ತು ಅಳತೆಗಳ ಸರಾಸರಿ ತೆಗೆದು, ಅದರ ಪಕ್ಕದಲ್ಲಿ ಅವು ಎಷ್ಟು ಆಚೀಚೆ ಹೋಗಿವೆ ಎಂಬುದನ್ನು ಸೇರಿಸಿ ಮತ್ತೆ ತಂದುಕೊಟ್ಟೆ. ಅವನು ಮಸೂರ ಹಾಕಿಕೊಂಡು ನೋಡಿದ.

"ಎರಡು ಸರಿ. ಪಕ್ಕದಲ್ಲಿ ಈ ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು ಯಾರದು?"

"ನಿನ್ನ ಕೈ ಎಷ್ಟು ಆಚೀಚೆ ಆಗುತ್ತೆ ಅಂತ ಅಣ್ಣಾ. ಸೆಕೆಂಡನ್ನ ನೂರು ಭಾಗ ಮಾಡಿದರೆ ಅದರಲ್ಲಿ ನಾಲ್ಕು. ಯಾವ ಮನುಷ್ಯನ ಕೈಗೂ ಇದಕ್ಕಿಂತ ಒಳ್ಳೇ ಅಂಕಿ ನಾನು ಓದಿಲ್ಲ."

ಅವನು ಮಸೂರ ತೆಗೆದು ಮೇಜಿನ ಮೇಲಿಟ್ಟ. "ಅದು ನನ್ನದಲ್ಲ. ಆ ಗುಂಡಿಯ ಸ್ಪ್ರಿಂಗು ಸಡಿಲ ಇದೆ. ಆವತ್ತೇ ಹೇಳೋಣ ಅಂತಿದ್ದೆ."

ಮಾರನೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಯಂತ್ರದ ಮುಚ್ಚಳ ಬಿಚ್ಚಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಸ್ಕ್ರೂಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟಿದ್ದ. ಹೊಸದಾಗಿ ಬಂದ ತಂತ್ರಜ್ಞರು ಕೈಕಟ್ಟಿ ನೋಡುತ್ತ ನಿಂತಿದ್ದರು. ಅಣ್ಣ ಗುಂಡಿಯನ್ನು ಕಿವಿಯ ಹತ್ತಿರ ಹಿಡಿದು ಒತ್ತಿದ, ಕೇಳಿಸಿಕೊಂಡ, ಇನ್ನೊಮ್ಮೆ ಒತ್ತಿದ. ಆಮೇಲೆ ನನ್ನತ್ತ ತಿರುಗಿದ.

"ಮೇಡಂ, ಇನ್ನೊಂದು ಸಲ ಅಳೀರಿ. ನಲವತ್ತು."

ಅಳೆದೆವು. ಲೇಖನದಲ್ಲಿ ಈಗ ಸೊನ್ನೆ ಪಾಯಿಂಟ್ ಸೊನ್ನೆ ಮೂರು ಎಂದಿದೆ.